ತಿದಿ ಒತ್ತಿದ ಕೈ: ಏಳನೆಯ ಕಂತು

"ಎಣಿಸು," ಎಂದೆ.

ಚಿಕ್ಕಣ್ಣ ಮೇಜಿನ ಮೇಲೆ ಸುರಿದಿದ್ದ ಕಡಲೇಕಾಯಿ ರಾಶಿಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಅವನ ನಾಲ್ಕು ದಿನದ ಪೊಲೀಸ್ ಕಸ್ಟಡಿ ನಾಳೆ ಬೆಳಗ್ಗೆ ಹನ್ನೊಂದಕ್ಕೆ ಮುಗಿಯುತ್ತಿತ್ತು. ಅಷ್ಟರೊಳಗೆ ಬೇರೆ ಏನೂ ಸಿಗದಿದ್ದರೆ ಅವನು ಕೊಲೆಗಾರನೆಂದು ಹಾಸನದ ಜೈಲು ಸೇರುತ್ತಿದ್ದ. ಅವನನ್ನು ಹಿಡಿದು ತಂದವನು ಸಬ್ ಇನ್‌ಸ್ಪೆಕ್ಟರ್ ಭೀಮರಾಜ್, ಅಂದರೆ ನಾನೇ.

"ಯಾಕ್ ಸಾಮಿ, ಬಡವನ್ನ ಆಟ ಆಡಿಸ್ತೀರಾ?"

"ಅರಸೀಕೆರೆ ಮಂಡಿಯಲ್ಲಿ ತೆಂಗಿನಕಾಯಿ ಹೇಗೆ ಎಣಿಸ್ತೀಯೋ ಹಾಗೇ ಎಣಿಸು."

ಕೈ ರಾಶಿಗೆ ಹೋದದ್ದೇ ತಡ, ಅವನ ಮುಖ ಬದಲಾಯಿತು. ಮೂವತ್ತು ವರ್ಷ ಹಮಾಲರ ಮೇಸ್ತ್ರಿಯಾಗಿದ್ದವನು. ಐದೈದರಂತೆ ಎತ್ತಿ ಪಕ್ಕಕ್ಕೆ ಹಾಕುತ್ತಾ ಹೋದ. "ಲಾಭ... ಎರಡು... ಮೂರು..." ಮೊದಲನೆಯದನ್ನು ಒಂದು ಎನ್ನದೆ ಲಾಭ ಎನ್ನುವುದು ಮಂಡಿಯ ಪದ್ಧತಿ. ಹತ್ತನೆಯ ಹಿಡಿ ಬಿದ್ದ ಮೇಲೆ ರಾಶಿಯಿಂದ ಒಂದು ಜೊಳ್ಳು ಕಾಯಿಯನ್ನು ಹುಡುಕಿ ಮೇಜಿನ ಮೂಲೆಯಲ್ಲಿ ಇಟ್ಟ.

"ಅದೇನು?"

"ಗುರ್ತಿನ ಕಾಯಿ ಸಾಮಿ. ಐವತ್ತಕ್ಕೊಂದು."

"ಜೊಳ್ಳೇ ಯಾಕೆ ಆರಿಸಿದೆ?"

"ಒಳ್ಳೇದನ್ನ ಯಾರಾದ್ರೂ ಗುರ್ತಿಗೆ ಇಡ್ತಾರಾ?"

"ಎಣಿಕೆಗೆ ಅದು ಸೇರುತ್ತಾ?"

"ಅದೆಂಗ್ ಸೇರ್ತೈತೆ? ಅದು ಗುರ್ತಲ್ವಾ!" ನನ್ನ ದಡ್ಡತನಕ್ಕೆ ಅವನು ಹೆಚ್ಚುಕಡಿಮೆ ನಕ್ಕೇಬಿಟ್ಟ.

"ಕೊನೆಗೆ ಅದು ಯಾರಿಗೆ?"

"ಎಣಿಸ್ದೋನಿಗೆ. ನಮ್ಮಪ್ಪನ ಕಾಲದಿಂದ ಹಂಗೇ ಐತೆ."

ನಾನು ಕುರ್ಚಿಗೆ ಒರಗಿದೆ. ನಾಲ್ಕು ದಿನದಿಂದ ನನ್ನ ತಲೆ ತಿಂದಿದ್ದ ಲೆಕ್ಕ ಜೊಳ್ಳು ಕಡಲೇಕಾಯಿಯ ರೂಪದಲ್ಲಿ ಎದುರಿಗೆ ಕೂತಿತ್ತು.

ಅರಸೀಕೆರೆ ರೈಲ್ವೆ ಕಾಲೊನಿಯ ಮುಚ್ಚಿದ ಚರ್ಚಿನಿಂದ ಬೇಲೂರಿಗೆ ಬಂದ ಆ ಪುಟ್ಟ ಆರ್ಗನ್ನಿನಲ್ಲಿ ಐವತ್ತು ಕೊಳವೆಗಳ ನಾಲ್ಕು ಸಾಲು. ಇನ್ನೂರೂ ನುಡಿಯುವ ಕೊಳವೆಗಳು. ಇವಲ್ಲದೆ ಮುಂಭಾಗದಲ್ಲಿ ಅಂದಕ್ಕೆಂದು ನಿಲ್ಲಿಸಿದ ಮೂಗ ಕೊಳವೆಗಳು ಐದು. ಅವುಗಳ ಬುಡದಲ್ಲಿ ರಂಧ್ರವೇ ಇಲ್ಲ, ಗಾಳಿ ಹೋಗುವುದಿಲ್ಲ. ಒಟ್ಟು ಇನ್ನೂರ ಐದು. ಅರಸೀಕೆರೆಯಲ್ಲಿ ಅವನ್ನು ಎಣಿಸಿ ಪೆಟ್ಟಿಗೆಗೆ ತುಂಬಿಸಿದವನು ಚಿಕ್ಕಣ್ಣ. ಬೇಲೂರಿನಲ್ಲಿ ಪೆಟ್ಟಿಗೆ ಬಿಚ್ಚಿದಾಗ ಇದ್ದದ್ದು ಇನ್ನೂರ ಒಂದು.

ಆರ್ಗನ್ ಜೋಡಿಸಲು ಬಂದಿದ್ದ ಸುವಾರ್ತಪ್ಪನವರು, ರೈಲ್ವೆಯ ನಿವೃತ್ತ ಫಿಟ್ಟರು, ಎಪ್ಪತ್ತು ದಾಟಿದ ಮುಂಗೋಪಿ, ಬೀದಿಯಲ್ಲಿ ನಿಂತು ಚಿಕ್ಕಣ್ಣನನ್ನು ಕಳ್ಳ ಎಂದರು. "ಇನ್ನೊಂದ್ಸಲ ಅಂದ್ರೆ ನಾಲಿಗೆ ಕಿತ್ತಾಕ್ತೀನಿ," ಎಂದ ಚಿಕ್ಕಣ್ಣ. ಹತ್ತು ಜನ ಕೇಳಿಸಿಕೊಂಡರು. ಮಾರನೆಯ ದಿನ, ಮಂಗಳವಾರ, ಸುವಾರ್ತಪ್ಪನವರು ಏಣಿಯ ಬುಡದಲ್ಲಿ ಹೆಣವಾಗಿದ್ದರು. ತಲೆಯ ಹಿಂದೆ ಪೆಟ್ಟು, ಕತ್ತು ಮುರಿದಿತ್ತು. ಪ್ರಾಣ ಆ ಕ್ಷಣವೇ ಹೋಗಿದೆ ಎಂದು ಡಾಕ್ಟರು ಬರೆದಿದ್ದರು.

ಕಳ್ಳತನ ಬಯಲಾದ ಸಿಟ್ಟಿಗೆ ಕೊಲೆ. ಎಷ್ಟು ಸಲೀಸಾಗಿ ಬರೆದಿದ್ದೆ ನಾನು ಅದನ್ನು!

ಆದರೆ ಚಿಕ್ಕಣ್ಣ ಕೊಳವೆ ಕದ್ದಿರಲಿಲ್ಲ. ಊದಿ ನೋಡಿ, ದನಿ ಬರದ ಜೊಳ್ಳನ್ನು ಐವತ್ತಕ್ಕೊಂದರಂತೆ ಗುರುತಿಗೆ ಇಟ್ಟಿದ್ದ. ಎಣಿಕೆ ಮುಗಿದ ಮೇಲೆ ಆ ನಾಲ್ಕನ್ನು ಸೈಕಲ್ಲಿಗೆ ಕಟ್ಟಿ, ಹಗಲು ಹೊತ್ತಿನಲ್ಲೇ, ಎಲ್ಲರ ಎದುರೇ ಮನೆಗೆ ಒಯ್ದಿದ್ದ.

"ಇದನ್ನ ಮೊದಲೇ ಹೇಳೋದಕ್ಕೆ ಏನಾಗಿತ್ತೋ?"

"ನೀವು ಕದ್ಯಾ ಅಂತ ಕೇಳಿದ್ರಿ. ಇಲ್ಲ ಅಂದೆ. ಎಣಿಕೆ ಸರಿ ಐತಾ ಅಂತ ಕೇಳಿದ್ರಿ. ಐತೆ ಅಂದೆ."

ನನಗೆ ನನ್ನ ಮೇಲೆಯೇ ಕೋಪ ಬಂತು.

ಮಧ್ಯಾಹ್ನದ ಹೊತ್ತಿಗೆ ಅವನ ಮಗಳು ಹೇಮಾಶ್ರೀ ಗೋಣಿಚೀಲದಲ್ಲಿ ಸುತ್ತಿದ ನಾಲ್ಕು ಕೊಳವೆಗಳನ್ನು ಠಾಣೆಗೆ ತಂದಳು. ಬಸ್ಸಿನಲ್ಲಿ ನಿಂತೇ ಬಂದಿದ್ದಳು. "ಅಮ್ಮ ಒಂದನ್ನ ಒಲೆ ಊದಕ್ಕೆ ಇಟ್ಕೊಂಡಿದ್ರು ಸಾರ್. ಗಾಳಿನೇ ಹೋಗ್ಲಿಲ್ಲ, ಮೂಲೆಗಿಟ್ರು. ಇನ್ನು ಅಪ್ಪನ್ನ ಬಿಡ್ತೀರಲ್ವಾ?"

ಬಿಡುತ್ತೇನೆಂದು ತಲೆಯಾಡಿಸಿದೆ. ಆಡಿಸಬಾರದಾಗಿತ್ತು.

ಸರ್ಕಲ್ ಇನ್‌ಸ್ಪೆಕ್ಟರ್ ಇಂದುಧರ ಸಾಹೇಬರು ಎಲ್ಲವನ್ನೂ ಕೇಳಿ ಕನ್ನಡಕ ಒರೆಸಿಕೊಂಡರು. ಕೆಟ್ಟವರಲ್ಲ, ಕಾನೂನು ಬಿಟ್ಟು ಅತ್ತಿತ್ತ ಅಲುಗದವರು.

"ಮಾಲು ಅವನ ಮನೇಲಿ ಸಿಕ್ಕಿತು. ತೊಗೊಂಡಿದ್ದು ನಾನೇ ಅಂತ ಒಪ್ಪಿಕೊಂಡ. ನೀವು ಅವನನ್ನ ಬಿಡಿಸ್ತಿದೀರೋ ಗಟ್ಟಿಯಾಗಿ ಕಟ್ತಿದೀರೋ ಭೀಮರಾಜ್?"

"ಅದು ಮಂಡಿ ಪದ್ಧತಿ ಸಾರ್."

"ಪದ್ಧತೀನ ಸಾಕ್ಷಿ ಕಟಕಟೇಲಿ ನಿಲ್ಲಿಸೋಕಾಗುತ್ತಾ? ಆ ಬೆಳಗ್ಗೆ ಅವನು ಚರ್ಚಲ್ಲಿ ಇರಲಿಲ್ಲ ಅಂತ ತೋರಿಸಿ. ಅದೊಂದೇ ದಾರಿ."

ಹೊರಗೆ ಬೆಂಚಿನ ಮೇಲೆ ಹೇಮಾಶ್ರೀ ಖಾಲಿ ಗೋಣಿಚೀಲವನ್ನು ಮಡಿಸಿಕೊಂಡು ಕಾಯುತ್ತಿದ್ದಳು. ಅವಳ ಮುಂದೆ ಹಾದುಹೋಗಲು ನನಗೆ ಮುಖವಿರಲಿಲ್ಲ. ಹಿಂದಿನ ಬಾಗಿಲಿನಿಂದ ಹೋದೆ.

ಚರ್ಚು ಇರುವುದು ಹಳೇಬೀಡು ರಸ್ತೆಯ ಬದಿಯಲ್ಲಿ. ಎದುರು ಮನೆಯ ದೇವೀರಮ್ಮ ಜಗಲಿಯಲ್ಲಿ ಕೂತು ಕನಕಾಂಬರ ಕಟ್ಟುತ್ತಿದ್ದರು. ಮಗ್ಗುಲಲ್ಲಿ ಬಾಳೆ ನಾರು ನೆನೆಹಾಕಿದ ಬೋಗುಣಿ. ಬೆಳಗ್ಗೆ ಹೂ ಮಾರುತ್ತಾರೆ, ವಾರಕ್ಕೆರಡು ಸಲ ಚರ್ಚು ಗುಡಿಸುತ್ತಾರೆ, ಅದರ ಬೀಗದ ಕೈ ಅವರ ಸೆರಗಿನ ಗಂಟಿನಲ್ಲೇ ಇರುತ್ತದೆ. ಆ ಮಂಗಳವಾರ ಆರ್ಗನ್ನಿನ ದನಿ ಕೇಳಿದೆನೆಂದು ಹೇಳಿದ್ದವರು ಇವರೊಬ್ಬರೇ.

"ಎಷ್ಟು ಹೊತ್ತು ಕೇಳಿಸ್ತು ದೇವೀರಮ್ಮ?"

ಅವರ ಬೆರಳು ನಿಲ್ಲಲಿಲ್ಲ. "ಎರಡು ಮಾರು ಕಟ್ಟೋವಷ್ಟು ಹೊತ್ತು ಸಾಮಿ. ಎಂಟು ಗಂಟೆ ಮೇಲೆ ಸುರುವಾತು."

"ಮಾರಿಗೆ?"

"ಕಾಲು ಗಂಟೆ ಅಂತಿಟ್ಕಳಿ."

"ಹಾಡಾ?"

"ಹಾಡಲ್ಲ. ಒಂದೇ ದನಿ. ಎಳೆದಿದ್ದೇ ಎಳೆದಿದ್ದು. ಕಿವಿ ಜೋಮು ಹಿಡೀತು."

ನಾನು ಅಲ್ಲಿಯೇ ಜಗಲಿಯ ಮೇಲೆ ಕೂತುಬಿಟ್ಟೆ. ಅರ್ಧ ಗಂಟೆ, ಒಂದೇ ಸ್ವರ. ಪಂಚನಾಮೆಯ ದಿನ ಆರ್ಗನ್ನಿನ ಒಂದು ಮನೆಯ, ಅಂದರೆ ನುಡಿಸುವಾಗ ಬೆರಳಿನಿಂದ ಒತ್ತುವ ಪಟ್ಟಿಯ, ಮೇಲೆ ಸೀಸದ ತುಂಡು ಇಟ್ಟಿದ್ದನ್ನು ನಾನೇ ಬರೆಸಿದ್ದೆ. ಶ್ರುತಿ ಮಾಡುವಾಗ ಹಾಗೆ ಮಾಡುತ್ತಾರೆ. ಮನೆ ಒತ್ತಿಯೇ ಇರುತ್ತದೆ, ಮೇಸ್ತ್ರಿ ಏಣಿ ಹತ್ತಿ ಕೊಳವೆ ತಿದ್ದುತ್ತಾನೆ.

ಸ್ವರಕ್ಕೆ ಗಾಳಿ ಬೇಕು. ಈ ಆರ್ಗನ್ನಿಗೆ ಕರೆಂಟಿಲ್ಲ. ಬೆನ್ನ ಹಿಂದೆ, ಗೋಡೆಗೂ ಪೆಟ್ಟಿಗೆಗೂ ನಡುವಿನ ಒಬ್ಬಾಳು ಹಿಡಿಯುವ ಸಂದಿಯಲ್ಲಿ, ಒಂದು ಮರದ ಹಿಡಿ. ಅದನ್ನು ಒತ್ತಿದರೆ ಚರ್ಮದ ತಿದಿ ಉಬ್ಬಿ ಕೊಳವೆಗಳಿಗೆ ಗಾಳಿ ಕೊಡುತ್ತದೆ. ಕೈ ಬಿಟ್ಟರೆ ಅರ್ಧ ನಿಮಿಷದಲ್ಲಿ ಉಸಿರು ನಿಲ್ಲುತ್ತದೆ.

ಅಂದರೆ ಸುವಾರ್ತಪ್ಪನವರು ಸಾಯುವಾಗ ಆ ಸಂದಿಯಲ್ಲಿ ಇನ್ನೊಬ್ಬ ಇದ್ದ.

ಮೂರು ಗಂಟೆಗೆ ಸಾಹೇಬರ ಎದುರೇ ಪರೀಕ್ಷೆ ಇಟ್ಟೆ. ಕೋಳ ಬಿಚ್ಚಿ ಚಿಕ್ಕಣ್ಣನನ್ನು ಸಂದಿಗೆ ಕಳಿಸಿದೆವು. ಮುಂದೆ ಮನೆಯ ಮೇಲೆ ಸೀಸದ ತುಂಡು. ದೇವೀರಮ್ಮನನ್ನು ಅವರ ಜಗಲಿಯಲ್ಲೇ ಕೂರಿಸಿ ಪಕ್ಕದಲ್ಲಿ ಒಬ್ಬ ಪೇದೆಯನ್ನು ನಿಲ್ಲಿಸಿದೆವು.

ಚಿಕ್ಕಣ್ಣ ಒತ್ತಿದ. ಎರಡು ಕ್ವಿಂಟಲ್ ಕೊಬ್ಬರಿ ಎತ್ತುವ ತೋಳು. ಸ್ವರ ಕುರಿಯಂತೆ ಅರಚಿತು, ನಡುಗಿತು, ಉಬ್ಬಸಪಟ್ಟು ಸತ್ತಿತು.

ಪೇದೆ ಓಡಿ ಬಂದ. "ಇದಲ್ವಂತೆ ಸಾರ್. ಅವತ್ತಿಂದು ಎಣ್ಣೆ ಸುರಿದಂಗೆ ಇತ್ತಂತೆ."

ಇನ್ನೊಬ್ಬ ಪೇದೆ ಒತ್ತಿದ. ಅದೂ ಅಲ್ಲ. ಸಾಹೇಬರ ಡ್ರೈವರು ಒತ್ತಿದ. ಅದೂ ಅಲ್ಲ.

ಹಿಡಿ ಒತ್ತುವುದು ಬಲದ ಕೆಲಸವಲ್ಲ. ಸಂದಿಯ ಗೋಡೆಯ ಮೇಲೆ ದಾರಕ್ಕೆ ಕಟ್ಟಿದ ಒಂದು ಸೀಸದ ಗುಂಡು ತೂಗುತ್ತದೆ. ತಿದಿ ತುಂಬಿದರೆ ಗುಂಡು ಇಳಿಯುತ್ತದೆ, ಬರಿದಾದರೆ ಏರುತ್ತದೆ. ಅದನ್ನು ಎರಡು ಗೆರೆಗಳ ನಡುವೆ ಅಲುಗದಂತೆ ಹಿಡಿಯಬೇಕು. ಕಣ್ಣು ಗುಂಡಿನ ಮೇಲೆ, ಉಸಿರು ಕೈಯ ಜೊತೆಗೆ. ಕಲಿಯಲು ವರ್ಷ ಬೇಕು.

"ನೋಡಿದ್ರಾ ಸಾರ್, ಇವನಿಗೆ ಬರೋದೇ ಇಲ್ಲ," ಎಂದೆ. ಗೆದ್ದ ಹುಮ್ಮಸ್ಸಿನಲ್ಲಿ, ಹೇಗೆ ಒತ್ತಬೇಕೆಂದು ತೋರಿಸಲು ನಾನೇ ಒಳಗೆ ಹೋದೆ. ಬುದ್ಧಿಗೇಡಿ ನಾನು!

ಇಪ್ಪತ್ತೈದು ವರ್ಷದ ಮೇಲೆ ಹಿಡಿ ಕೈಗೆ ಬಂದಿತ್ತು. ಕೈ ಮರೆತಿರಲಿಲ್ಲ. ಗುಂಡು ಎರಡು ಗೆರೆಗಳ ನಡುವೆ ನಿಂತಿತು, ಸ್ವರ ನೀಟಾಗಿ ಹೊರಟು ಚರ್ಚನ್ನೆಲ್ಲ ತುಂಬಿತು.

ಹೊರಬಂದಾಗ ದೇವೀರಮ್ಮ ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿ ಅರ್ಧ ಕಟ್ಟಿದ ಹೂವು. ನೆಟ್ಟಗೆ ನನ್ನ ಮುಖ ನೋಡಿ ಹೇಳಿದರು.

"ಇದೇ ಸಾಮಿ. ಇದೇ ಕೈ."

ಚಿಕ್ಕಣ್ಣ ಅಲ್ಲೇ ಕುಸಿದು ಕೂತು ಅತ್ತ. "ಉಳಿಸಿದ್ರಿ ಸಾಮಿ, ನನ್ನ ಮಕ್ಕಳನ್ನ ಉಳಿಸಿದ್ರಿ," ಎಂದು ನನ್ನ ಕಾಲಿಗೆ ಕೈ ಚಾಚಿದ.

ಸಾಹೇಬರು ಮಾತ್ರ ನನ್ನನ್ನೇ ನೋಡುತ್ತಿದ್ದರು. "ನಿಮಗೆ ಇದು ಹೇಗ್ರೀ ಬಂತು?"

"ಚಿಕ್ಕಂದಿನಲ್ಲಿ ಅರಸೀಕೆರೆ ಚರ್ಚಿನ ಹಿತ್ತಿಲಲ್ಲಿ ಆಡ್ತಿದ್ದೆ ಸಾರ್."

"ಯಾರು ಕಲಿಸಿದ್ದು?"

ನಾನು ಸೀಸದ ತುಂಡನ್ನು ಎತ್ತಿಡಲು ತಿರುಗಿದೆ. ಅವರು ಮತ್ತೆ ಕೇಳಲಿಲ್ಲ. "ನಾಳೆ ಹನ್ನೊಂದಕ್ಕೆ ಅವತ್ತು ತಿದಿ ಒತ್ತಿದ ಮನುಷ್ಯ ಕೋರ್ಟಲ್ಲಿ ಇದ್ದರೆ ಚಿಕ್ಕಣ್ಣನ ಬಗ್ಗೆ ನಾನು ಮಾತಾಡ್ತೀನಿ. ಇಲ್ಲದಿದ್ರೆ ಇಲ್ಲ," ಎಂದು ಜೀಪು ಹತ್ತಿದರು.

ಅರಸೀಕೆರೆ ಬಸ್ಸು ಹಳೇಬೀಡು ದಾಟಿ ಜಾವಗಲ್ ಕಡೆ ಹೊರಳಿದಾಗಲೂ ನನ್ನ ಕೈಯಲ್ಲಿ ಆ ಹಿಡಿಯ ನುಣುಪು ಹಾಗೇ ಇತ್ತು. ಅದನ್ನು ಅಷ್ಟು ನುಣುಪು ಮಾಡಿದ್ದು ಒಂದೇ ಜೋಡಿ ಅಂಗೈ.

ಹಡಗಿನಲ್ಲಿ ಬಂದ ಆರ್ಗನ್ ಅದು. ಗೆಂಡೆಹಳ್ಳಿ ಆಚೆಯ ತೋಟದ ದೊರೆಗಳು ತಮ್ಮ ಪುಟ್ಟ ಪ್ರಾರ್ಥನಾ ಮಂದಿರಕ್ಕೆ ಎತ್ತಿನ ಗಾಡಿಗಳಲ್ಲಿ ತರಿಸಿದ್ದು. ದೊರೆಗಳು ಹೋದರು. ಐವತ್ತೇಳರಲ್ಲಿ ಅದನ್ನು ಬಿಚ್ಚಿ ಅರಸೀಕೆರೆಗೆ ತಂದರು. ಬಣ್ಣದ ಕದಗಳಿದ್ದವಂತೆ, ಗೆದ್ದಲು ತಿಂದು ಅಲ್ಲೇ ಉಳಿದವು. ತಿದಿಯ ಚರ್ಮ ಹರಿದಿತ್ತು. ಹೊಸ ಮೇಕೆ ಚರ್ಮ ಹದ ಮಾಡಿ ಹೊದಿಸಿದವನು ನನ್ನ ತಾತ. ಆ ತಿದಿಯನ್ನು ಒತ್ತಲು ನಿಂತವನು ತಾತನ ಹದಿನೆಂಟು ವರ್ಷದ ಮಗ ಗಿಡ್ಡಯ್ಯ, ನನ್ನ ಅಪ್ಪ.

ಬ್ರಾಡ್‌ಗೇಜ್ ಬಂದು, ಕಾಲೊನಿ ಖಾಲಿಯಾಗಿ, ಚರ್ಚಿಗೆ ಬೀಗ ಬೀಳುವವರೆಗೆ ಮೂವತ್ತೆಂಟು ವರ್ಷ ಒತ್ತಿದ. ಸಂದಿಗೆ ಹಿತ್ತಿಲಿನಿಂದ ಒಂದು ಗಿಡ್ಡ ಬಾಗಿಲು. ಅದರಲ್ಲೇ ಹೋಗಿ ಅದರಲ್ಲೇ ಬರುತ್ತಿದ್ದ. ಆಮೇಲೆ ನಾವು ಬೌದ್ಧರಾದೆವು, ನಾನು ಓದಿದೆ, ಖಾಕಿ ಹಾಕಿದೆ. ಮುಂದಿನ ಬಾಗಿಲಿನಿಂದ ಹೋಗಪ್ಪ ಎಂದು ಪಾದ್ರಿಗಳೇ ಕರೆದರೂ ಅಪ್ಪ ಹೋಗಲಿಲ್ಲ. ಅವನು ಗಾಳಿ ಕೊಟ್ಟ ಸಂಗೀತವನ್ನು ಎದುರು ನಿಂತು ಒಂದು ದಿನವೂ ಕೇಳಿದವನಲ್ಲ.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅಪ್ಪ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಮುಂದಿನ ತಟ್ಟೆಯಲ್ಲಿ ಮುದ್ದೆ ಮುರಿಯದೆ ಒಣಗಿತ್ತು.

"ಮಂಗಳವಾರ ಬೇಲೂರಿಗೆ ಹೋಗಿದ್ಯಾ ಅಪ್ಪ?"

ಅವನು ತಲೆ ಎತ್ತಲಿಲ್ಲ. "ಗೊತ್ತಾತಾ?"

"ಹೋಗಿದ್ಯಾ?"

"ಮೊದಲ ಬಸ್ಸಿಗೆ ಹೋಗಿದ್ದೆ. ಸುವಾರ್ತಪ್ಪ ಕಂಡಕ್ಟರ ಕೈಲಿ ಹೇಳಿ ಕಳಿಸಿದ್ದ. ಶ್ರುತಿ ನೋಡ್ಬೇಕು, ನಿನ್ ಬಿಟ್ರೆ ಯಾರಿಗೂ ಬರಲ್ಲ ಬಾ ಅಂತ." ಒಂದು ಕ್ಷಣ ಅವನ ಮುಖದಲ್ಲಿ ಹೆಮ್ಮೆ ಕಂಡಿತು. ನನಗೆ ಅದನ್ನು ನೋಡಲಾಗಲಿಲ್ಲ.

"ಜಗಳ ಆಯ್ತಾ?"

"ಯಾರ ಜೊತೆ? ಅವನ ಜೊತೆಗಾ? ನಲವತ್ತು ವರ್ಷದ ಗೆಳೆಯ ಕಣೋ ಅವನು!"

"ಮತ್ತೇನಾಯ್ತು ಹೇಳು. ನಾನು ಕೇಳ್ತಿರೋದು ಮಗನಾಗಿ ಅಲ್ಲ."

ಆ ಮಾತು ಆಡಬಾರದಿತ್ತು. ಅಪ್ಪ ಮೊದಲ ಸಲ ನನ್ನ ಭುಜದ ನಕ್ಷತ್ರಗಳನ್ನು ನೋಡಿದ. ನೆಟ್ಟಗೆ ಕೂತ. ಠಾಣೆಯಲ್ಲಿ ಹೇಳಿಕೆ ಕೊಡುವವರ ಹಾಗೆ ಕೈಕಟ್ಟಿಕೊಂಡ.

"ಸಂದೀಲಿ ಹೋಗಿ ನಿಂತೆ. ಅವನು ಒತ್ತು ಅಂದ, ಒತ್ತಿದೆ. ದನಿ ಹೊರಡ್ತು. ಅವನು ಏಣಿ ಹತ್ತಿದ ಸದ್ದು ಕೇಳ್ತು. ಆಮೇಲೆ ಏನೋ ದಪ್ ಅಂತು. ಏನಾದ್ರೂ ಬೀಳಿಸ್ಕೊಂಡಿರ್ತಾನೆ ಅಂದ್ಕೊಂಡೆ. ಒತ್ತುತಾ ಇದ್ದೆ."

"ನಿಲ್ಲಿಸಲಿಲ್ವಾ?"

"ಹೆಂಗ್ ನಿಲ್ಸದು? ಘಂಟೆ ಹೊಡೆದಿಲ್ವಲ್ಲ."

ಮೂವತ್ತೆಂಟು ವರ್ಷದ ಕಟ್ಟಳೆ ಅದು. ಸಂದಿಯಲ್ಲಿರುವವನಿಗೆ ಮುಂದೆ ಏನಾಗುತ್ತಿದೆ ಎಂದು ಕಾಣುವುದಿಲ್ಲ. ನಿಲ್ಲಿಸು ಎಂದು ಹೇಳಲು ಒಂದು ಪುಟ್ಟ ಹಿತ್ತಾಳೆ ಘಂಟೆ. ಅದು ಹೊಡೆಯುವವರೆಗೆ, ಬೆನ್ನು ಮುರಿದರೂ, ತಿದಿ ಬಿಡುವಂತಿಲ್ಲ.

"ಅವನು ಅಲ್ಲಿ ಬಿದ್ದು ಸಾಯ್ತಾ ಇದ್ದ," ಎಂದ ಅಪ್ಪ. "ನಾನು ಇಲ್ಲಿ ಒತ್ತುತಾ ಇದ್ದೆ. ಮಧ್ಯದಲ್ಲಿ ಒಂದು ಹಲಗೆ ಅಷ್ಟೇ ಕಣೋ. ಅರ್ಧ ಗಂಟೆ. ಒಂದ್ಸಲ ಇಣುಕಿದ್ರೆ ಅವನ ಬಾಯಿಗೆ ನೀರಾದ್ರೂ ಬಿಡ್ತಿದ್ದೆ."

ಅವನು ಆ ಕ್ಷಣವೇ ಸತ್ತಿದ್ದ ಅಪ್ಪ, ನೀನು ಇಣುಕಿದ್ದರೂ ಏನೂ ಆಗುತ್ತಿರಲಿಲ್ಲ ಎಂದೆ. ಅವನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ.

"ಚಿಕ್ಕಣ್ಣನ್ನ ಹಿಡಿದಿದ್ದು ಗೊತ್ತಿತ್ತಾ ನಿನಗೆ? ನಾಳೆ ಹನ್ನೊಂದಕ್ಕೆ ಕೋರ್ಟು, ತಿದಿ ಒತ್ತಿದವನು ಬರದಿದ್ರೆ ಅವನು ಜೈಲಿಗೆ."

"ಗೊತ್ತಿತ್ತು. ನಾಲ್ಕು ದಿನ ಬಾಯಿಗೆ ತುತ್ತು ಇಳೀಲಿಲ್ಲ. ಬಾಯಿ ಬಿಟ್ರೆ ನಿನ್ನ ಕೆಲಸಕ್ಕೆ ಕುತ್ತು ಬಂದಾತು ಅಂತ..."

ಜಂಕ್ಷನ್ನಿನಲ್ಲಿ ಗಾಡಿಯೊಂದು ಕೂಗಿತು. ಆಗ ಒಂದು ಸಣ್ಣ ಸಂಗತಿ ಮುಳ್ಳಿನಂತೆ ಚುಚ್ಚಿತು.

"ಅರ್ಧ ಗಂಟೆ ಆದ ಮೇಲೆ ನೀನು ನಿಲ್ಲಿಸಿದೆಯಲ್ಲ. ಯಾಕೆ ನಿಲ್ಲಿಸಿದೆ?"

"ಅದೇನ್ ಹಿಂಗ್ ಕೇಳ್ತೀಯ?" ಅಪ್ಪ ನನ್ನನ್ನು ವಿಚಿತ್ರವಾಗಿ ನೋಡಿದ. "ಘಂಟೆ ಹೊಡೀತು, ನಿಲ್ಸಿದೆ. ಅವನು ಆಮೇಲೆ ಸತ್ತ ಅಂತಲೇ ತಾನೇ ನನ್ನ ಹೊಟ್ಟೆ ಉರೀತಿರೋದು. ಬಿದ್ದಲ್ಲಿಂದ ಹೆಂಗೋ ಘಂಟೆ ಹೊಡೆದು ಪ್ರಾಣ ಬಿಟ್ಟ. ನಾನು ಕೆಲಸ ಮುಗೀತು ಅಂತ ಅಲ್ಲೂ ಇರೋ ಹಿತ್ತಿಲ ಬಾಗಿಲಲ್ಲಿ ಹೋಗಿ ಒಂಬತ್ತರ ಬಸ್ಸು ಹಿಡಿದೆ."

"ಯಾವ ಘಂಟೆ?"

"ನಮ್ಮ ಘಂಟೆ! ಆ ದನಿ ನನಗೆ ಗೊತ್ತಿಲ್ವಾ? ಬೆಳಿಗ್ಗೆ ಘಂಟೆ ಇನ್ನೂ ಕಟ್ಟಿಲ್ಲ, ಪೆಟ್ಟಿಗೇಲಿ ಐತೆ, ಆಮೇಲೆ ಹುಡುಕ್ತೀನಿ ಅಂದಿದ್ದ. ಹೊಡೆದಾಗ, ಓ ಸಿಕ್ತಲ್ಲ ಇವನಿಗೆ ಅಂದ್ಕೊಂಡೆ."

ಸತ್ತವರು ಘಂಟೆ ಹುಡುಕುವುದಿಲ್ಲ, ಹೊಡೆಯುವುದೂ ಇಲ್ಲ.

ಚೀಲದಿಂದ ಪಂಚನಾಮೆಯ ಕಾರ್ಬನ್ ಪ್ರತಿಯನ್ನು ತೆಗೆದು ದೀಪದ ಕೆಳಗೆ ಹಿಡಿದೆ. ಚರ್ಚಿನ ಪಕ್ಕದ ಕೋಣೆಯ ಪೆಟ್ಟಿಗೆಗಳಲ್ಲಿದ್ದ ಒಂದೊಂದು ಸಾಮಾನನ್ನೂ ನಾನೇ ಹೇಳಿ ಬರೆಸಿದ್ದೆ. ಕೊಂಡಿಗಳು, ಕಾಗದ ಸುತ್ತಿ ತೆಂಗಿನ ಹುರಿಯಿಂದ ಕಟ್ಟಿದ್ದು. ಮೊಳೆಗಳ ಪೊಟ್ಟಣ, ತೆಂಗಿನ ಹುರಿಯಿಂದ ಕಟ್ಟಿದ್ದು. ಚರ್ಮದ ಪಟ್ಟಿಗಳು, ತೆಂಗಿನ ಹುರಿಯಿಂದ ಕಟ್ಟಿದ್ದು. ಚಿಕ್ಕಣ್ಣನ ಕಡೆಯವರಿಗೆ ತೆಂಗಿನ ಹುರಿ ಬಿಟ್ಟರೆ ಬೇರೆ ಗೊತ್ತಿಲ್ಲ.

ಹದಿನೇಳನೆಯ ಸಾಲಿಗೆ ಬಂದೆ.

ಹಿತ್ತಾಳೆಯ ಚಿಕ್ಕ ಘಂಟೆ ಒಂದು, ಕಾಗದ ಸುತ್ತಿ ಬಾಳೆ ನಾರಿನಿಂದ ಕಟ್ಟಿದ್ದು.

ಯಾರೋ ಬಿಚ್ಚಿ ಹೊಡೆದು ಅದನ್ನು ಮತ್ತೆ ಕಟ್ಟಿಟ್ಟಿದ್ದರು. ದೇವೀರಮ್ಮನ ಬೋಗುಣಿಯಲ್ಲಿ ನೆನೆಯುತ್ತಿದ್ದ ನಾರು ಕಣ್ಣಿಗೆ ಬಂತು. ಸೆರಗಿನ ಗಂಟಿನ ಬೀಗದ ಕೈ ಬಂತು. ಇದೇ ಕೈ ಎಂದು ನನ್ನ ಮುಖ ನೋಡಿ ಹೇಳಿದ ಆ ಕಣ್ಣು ಬಂತು. ಚಿಕ್ಕಣ್ಣನನ್ನು ಬಿಡಿಸಲು ನನ್ನ ಬಳಿ ಇದ್ದದ್ದು ದೇವೀರಮ್ಮನ ಆ ಒಂದು ಮಾತು. ಅದನ್ನು ನಂಬಿದರೆ ನಾಳೆ ಕಟಕಟೆ ಹತ್ತುವವನು ನನ್ನ ಅಪ್ಪ. ಅವಳನ್ನು ಸುಳ್ಳಿ ಎಂದರೆ ಚಿಕ್ಕಣ್ಣ ಜೈಲಿಗೆ. ಇಡೀ ಊರಿನಲ್ಲಿ ಘಂಟೆಯ ದನಿ ಕೇಳಿದವನು ಒಬ್ಬನೇ, ಅವನು ತನಿಖೆ ಮಾಡುವ ಅಧಿಕಾರಿಯ ತಂದೆ. ಯಾವ ಕೋರ್ಟು ನಂಬೀತು?

ಪಂಚನಾಮೆಯ ಕೊನೆಗೆ ಕಣ್ಣು ಹಾಯಿಸಿದೆ. ನನ್ನ ಸಹಿಯ ಮೇಲೆ, ಸಾಕ್ಷಿಗಳ ಸಾಲಿನಲ್ಲಿ, ಮೊದಲನೆಯ ಹೆಬ್ಬೆಟ್ಟು ಅವಳದೇ.

ಅಪ್ಪ ಎದ್ದು ಗೂಟದಿಂದ ಬಿಳಿ ಅಂಗಿ ತೆಗೆದುಕೊಂಡಿದ್ದ. ಬೆಳಗ್ಗೆ ಹಾಕಿಕೊಳ್ಳಲು ಅದನ್ನು ಕೊಡವಿ ಮಡಿಸಿ ಇಡುತ್ತಿದ್ದ.

"ಹನ್ನೊಂದಕ್ಕೆ ಕೋರ್ಟು ಅಂದ್ಯಲ್ಲಪ್ಪ," ಎಂದ. "ಅಲ್ಲಿ ನಾನು ಯಾವ ಬಾಗಿಲಲ್ಲಿ ಒಳಗೆ ಬರ್ಬೇಕು?"